ರೋಗವಿಲ್ಲದ ಊರಿನ ಸರ್ವೇ

ಕರಿಮಡ್ಡಿ ಎಂಬ ಊರಿನಲ್ಲಿ ಯಾರಿಗೂ ಯಾವ ರೋಗವೂ ಇಲ್ಲ ಎಂದು ಜಗತ್ತಿಗೆ ಮೊದಲು ತಿಳಿಸಿದವನು ಕಾಕಾಸಾಹೇಬ. ಇದನ್ನು ಅವನು ಮೂರು ಪ್ರತಿಗಳಲ್ಲಿ ಬರೆದು, ಪುಟಕ್ಕೊಂದು ಸಹಿ ಹಾಕಿ, ಶ್ರೇಯೋಭಿಲಾಷ ಪ್ರತಿಷ್ಠಾನದ ಚಿಕ್ಕೋಡಿ ಆಫೀಸಿಗೆ ಒಪ್ಪಿಸಿದ. ಚಿಕ್ಕೋಡಿಯವರು ಪುಣೆಗೆ ಕಳಿಸಿದರು. ಪುಣೆಯವರು ಕಂಪ್ಯೂಟರಿಗೆ ಹಾಕಿ ಕೈತೊಳೆದುಕೊಂಡರು. ಮೂರು ವರ್ಷ ಅದನ್ನು ಯಾರೂ ಓದಲಿಲ್ಲ. ಓದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ, ಒಬ್ಬಳು ಇವತ್ತು ಬದುಕಿರುತ್ತಿದ್ದಳು.

ಕಾಕಾಸಾಹೇಬ ಕೆಟ್ಟವನೇನಲ್ಲ. ನಲವತ್ತೈದರ ಮನುಷ್ಯ. ಮೊದಲು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳಿಗೆ ಚೀಟಿ ಹರಿದು ಕೊಡುತ್ತಿದ್ದ. ಪ್ರತಿಷ್ಠಾನಕ್ಕೆ ಬಂದ ಮೇಲೆ ಅವನಿಗೆ 'ಕ್ಷೇತ್ರ ಸಂಯೋಜಕ' ಎಂಬ ಹೆಸರು ಸಿಕ್ಕಿತು, ಹೆಸರಿನ ಹಿಂದೆಯೇ ಐವತ್ತು ವಿಸಿಟಿಂಗ್ ಕಾರ್ಡು ಬಂದವು. ಕಾರ್ಡು ಬಂದ ಮೇಲೆ ಮೋಟರ್‌ಸೈಕಲ್ ಮೇಲೆ ಧೂಳು ಕುಡಿಯುತ್ತ ಸರ್ವೇಗೆ ಹೋಗುವುದು ಶೋಭಿಸುವುದಿಲ್ಲವೆಂದು ಅವನಿಗೆ ಅನ್ನಿಸಿತು. ಹೆಂಡತಿಯ ತಮ್ಮನ ಕಾರು ಕೇಳಿ ತಂದ. ತನ್ನ ಮದುವೆಗೆ ಹೊಲಿಸಿದ್ದ ಸಫಾರಿ ಹಾಕಿದ. ಗುಂಡಿ ಹಾಕಿದ ಮೇಲೆ ಉಸಿರು ಪೂರ್ತಿ ಬಿಡುವ ಹಾಗಿರಲಿಲ್ಲ. ಕಪ್ಪು ಕನ್ನಡಕ ಏರಿಸಿಕೊಂಡು ಮುಗಳಖೋಡ ದಾಟಿ ಕರಿಮಡ್ಡಿಗೆ ಬಂದಿಳಿದ.

ಪುಣೆಯ ತರಬೇತಿಯಲ್ಲಿ ಅವನಿಗೆ ಒತ್ತಿ ಹೇಳಿದ್ದು ಒಂದೇ ಮಾತು. ಊರಿಗೆ ದವಾಖಾನೆ ವ್ಯಾನು ಬರಲಿದೆಯೆಂದು ಬಾಯಿ ಬಿಡಬೇಡಿ, ಜನ ಆಸೆಗೆ ಬಿದ್ದು ಇಲ್ಲದ ರೋಗ ಹೇಳುತ್ತಾರೆ. ಯಾಕೆ ಬಂದಿರಿ ಎಂದರೆ ಸುಮ್ಮನೆ ಮಾಹಿತಿಗೆ ಎನ್ನಿ. ಕಾಕಾಸಾಹೇಬ ಈ ಮಾತನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದ. ಮೊದಲ ಮನೆ ಭೀಮಗೊಂಡನದು. ಭೀಮಗೊಂಡನ ಹೆಂಡತಿ ಜಿನಮತಿ ಕಾರು ನೋಡಿ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು.

"ಮನ್ಯಾಗ ಹೆಣ್ಣಮಕ್ಕಳು ಎಷ್ಟ ಮಂದಿ ಅದಾರ್ರಿ?" ಎಂದ ಕಾಕಾಸಾಹೇಬ.

"ಒಬ್ಬಾಕಿರಿ, ಬ್ರಾಹ್ಮಿ ಅಂತ. ಬಿಎ ಓದಾಕತ್ತಾಳ."

"ವಯಸ್ಸು?"

"ಹತ್ತೊಂಬತ್ತ ತುಂಬ್ಯಾವ್ರಿ."

"ಜಮೀನು ಎಷ್ಟ ಐತಿ? ಸಂಡಾಸ ಐತೇನ್ರಿ? ಮನ್ಯಾಗ ಯಾರಿಗಾದರೂ ಶುಗರ್, ಬಿಪಿ, ಟಿಬಿ, ದಮ್ಮು?"

ಭೀಮಗೊಂಡನಿಗೆ ಶುಗರೂ ಇತ್ತು, ಬಿಪಿಯೂ ಇತ್ತು. ಎರಡರ ಗುಳಿಗೆಯೂ ಅವನ ಬನಿಯನ್ನಿನ ಕಿಸೆಯಲ್ಲೇ ಇದ್ದವು. ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡು, "ಛೆ ಛೆ, ನಮ್ಮ ಮನೆತನದಾಗ ಅಂಥಾದ್ದ ಯಾವದೂ ಇಲ್ರಿ," ಎಂದ. "ಯಾಕ ಕೇಳ್ತೀರಿ?"

"ಸುಮ್ನ, ಮಾಹಿತಿಗಿ," ಎಂದು ಕಾಕಾಸಾಹೇಬ ಗಂಭೀರವಾಗಿ ನಕ್ಕ.

ಆ ಭಾಗದಲ್ಲಿ ಗಂಡಿನ ಕಡೆಯವರು ಕನ್ಯೆ ನೋಡಲು ನೇರ ಬರುವುದಿಲ್ಲ. ಮೊದಲು ದೂರದ ನೆಂಟ ಒಬ್ಬನನ್ನು ಒಳ್ಳೆ ಬಟ್ಟೆ ಹಾಕಿಸಿ ಕಳಿಸುತ್ತಾರೆ. ಅವನು ಬಂದ ಕಾರಣ ಹೇಳುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಜಮೀನೆಷ್ಟು, ರೋಗರುಜಿನ ಏನು ಎಂದು ವಿಚಾರಿಸಿ, ಗಂಭೀರವಾಗಿ ನಕ್ಕು, ಚಹಾ ಕುಡಿದು ಹೋಗುತ್ತಾನೆ. ಕಾಕಾಸಾಹೇಬ ಇದನ್ನೆಲ್ಲ ಒಂದೂ ಬಿಡದೆ ಮಾಡಿದ. ಅವನು ಎರಡನೆಯ ಮನೆಯ ಚಹಾ ಮುಗಿಸುವುದರೊಳಗೆ ಸುದ್ದಿ ಹಿತ್ತಲಿನಿಂದ ಹಿತ್ತಲಿಗೆ ಹಾರಿ ಊರ ಕೊನೆಯ ಮನೆ ಮುಟ್ಟಿತ್ತು.

ಹೆಣ್ಣುಮಕ್ಕಳಿರದ ಮನೆಯವರೂ ಇದ್ದ ಮನೆಯವರ ಮರ್ಯಾದೆ ಕಾಯಲು ನಿಂತರು. ಇಪ್ಪತ್ತು ವರ್ಷದಿಂದ ದಮ್ಮು ಹಿಡಿದವರು ಕೆಮ್ಮು ನುಂಗಿ ಕೂತರು. ಮೊಣಕಾಲು ಹೋದವರು ಮಣೆಯ ಮೇಲೆ ನೆಟ್ಟಗೆ ಕೂತು, ಏಳುವ ಪ್ರಸಂಗ ಬಾರದಂತೆ ನೋಡಿಕೊಂಡರು. ಹಿಂದಿನ ಓಣಿಯ ನಾಲ್ಕು ಅಂಗಳಗಳಲ್ಲಿ ಕಾಕಾಸಾಹೇಬ ನಾಲ್ಕು ಎಮ್ಮೆ ಬರೆದುಕೊಂಡ. ನಾಲ್ಕಕ್ಕೂ ಎಡಗೋಡು ಮುರಿದಿತ್ತು. ಇದು ಈ ಊರಿನ ತಳಿಯ ಲಕ್ಷಣ ಎಂದು ಷರಾ ಬರೆದ.

ಕೊನೆಯ ಮನೆ ಚನ್ನವ್ವನದು. ಐವತ್ತೊಂಬತ್ತರ ವಿಧವೆ. ಮಗ ಭರತ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಸೊಸೆ ತೀರಿಹೋಗಿ, ಮೊಮ್ಮಗಳು ದೀಪಾಲಿಯನ್ನು ಅಜ್ಜಿಯೇ ಸಾಕಿದ್ದಳು. ಚನ್ನವ್ವನ ಎಡಗಾಲಿನ ಕಿರುಬೆರಳನ್ನು ಶುಗರಿನಿಂದಾಗಿ ಆಗಲೇ ತೆಗೆದಿದ್ದರು. ಅವಳು ಆ ಪಾದವನ್ನು ಸೀರೆಯೊಳಗೆ ಎಳೆದುಕೊಂಡು, ಕಾಕಾಸಾಹೇಬನ ಕೈಗೆ ಶಿರಾದ ಬಟ್ಟಲು ಕೊಟ್ಟು, "ದೇವರ ದಯಾ, ಆರಾಮ ಅದೀವ್ರಿ," ಎಂದಳು. ಸಂಜೆ ಅವನು ಲೆಕ್ಕ ಕೂಡಿಸಿದ. ಮನೆ ಇನ್ನೂರಾ ಹನ್ನೆರಡು. ರೋಗಿಗಳು ಸೊನ್ನೆ.

ರೋಗಿಗಳಿಲ್ಲದ ಊರಿಗೆ ವ್ಯಾನು ಯಾಕೆ ಎಂದು ನೀವು ಕೇಳಬಹುದು. ಪುಣೆಯಲ್ಲಿ ಯಾರೂ ಕೇಳಲಿಲ್ಲ. ವ್ಯಾನು ಆಗಲೇ ಕೊಂಡಾಗಿತ್ತು, ಅದರ ಮೈಮೇಲೆ ಊರಿನ ಹೆಸರೂ ಬರೆಸಿಯಾಗಿತ್ತು. ನಾಲ್ಕು ತಿಂಗಳಿಗೆ ಅದು ಪಂಚಾಯಿತಿ ಮುಂದಿನ ಬೇವಿನ ಮರದ ಕೆಳಗೆ ಬಂದು ನಿಂತಿತು. ಡಾಕ್ಟರ್ ಶೈಲಾ ಮೇಡಮ್ ಒಳಗೆ ಕೂತರು. ಕಾಕಾಸಾಹೇಬ ಟೇಬಲ್ ಹಾಕಿ ಟೋಕನ್ ಹಂಚಿದ. ಹೆಣ್ಣು ನೋಡಲು ಬಂದಿದ್ದ ಮನುಷ್ಯ ಇವನೇ ಎಂದು ಜಿನಮತಿ ಕೂಡಲೇ ಗುರುತು ಹಿಡಿದಳು, ಇಡೀ ಊರೂ ಹಿಡಿಯಿತು. ಆದರೆ ಎತ್ತಿ ಆಡಿದರೆ ಅವನಿಗೂ ಅವಮಾನ, ಊರಿಗೂ ಅವಮಾನ ಎಂದು ಎಲ್ಲರೂ ಸುಮ್ಮನಾಗಿ ಸಾಲಿನಲ್ಲಿ ನಿಂತರು.

ಮೂರು ವರ್ಷ ಪ್ರತಿ ಮಂಗಳವಾರ ವ್ಯಾನು ತಪ್ಪಲಿಲ್ಲ. ಚನ್ನವ್ವನಿಗೆ ಎಲ್ಲರಿಗಿಂತ ಹೆಚ್ಚು ಅದರ ಗರಜು ಇತ್ತು. ಅವಳ ಶುಗರು ಗುಳಿಗೆಗೆ ಬಗ್ಗುವಂಥದ್ದಲ್ಲ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ವ್ಯಾನಿನ ತಂಪು ಪೆಟ್ಟಿಗೆಯಿಂದ ವಾರಕ್ಕೊಂದು ಸೀಸೆ ಬರುತ್ತಿತ್ತು, ಅವಳು ಅದನ್ನು ನೀರಿನ ಗಡಿಗೆಯ ಕೆಳಗಿನ ಹಸಿ ಉಸುಕಿನೊಳಗೆ ಹುಗಿದು ಕಾಯುತ್ತಿದ್ದಳು. ಪಾದದ ಹುಣ್ಣನ್ನು ಮೇಡಮ್ ವಾರವಾರ ತೊಳೆದು ಕಟ್ಟುತ್ತಿದ್ದರು. "ಇದ ತಪ್ಪಿತಂದ್ರ ಕಾಲ ಹೋಗತೈತಿ, ಕಾಲಿನ ಬೆನ್ನಿಗೆ ನೀನೂ ಹೋಗ್ತಿ," ಎಂದು ಮೇಡಮ್ ಹೇಳಿಯೇ ಇದ್ದರು. ರಾಯಬಾಗಕ್ಕೆ ಹೋಗಿ ತರಬೇಕೆಂದರೆ ಎರಡು ಬಸ್ಸು ಬದಲಿಸಬೇಕು, ಆ ಕಾಲಿನಲ್ಲಿ ಅವಳು ಸ್ಟ್ಯಾಂಡಿನ ತನಕ ನಡೆಯುವುದೇ ದೊಡ್ಡದು.

ಹೀಗಿರುವಾಗ ಪುಣೆಯವರಿಗೆ ತಾವು ಮಾಡಿದ ಉಪಕಾರ ಎಷ್ಟೆಂದು ಅಳೆಯುವ ಹೊತ್ತು ಬಂತು. ಮೊದಲಿನ ಸರ್ವೇ ಮಾಡಿದವನೇ ಕೊನೆಯ ಸರ್ವೇಯನ್ನೂ ಮಾಡಬೇಕೆಂದು ನಿಯಮ. ಕಾಕಾಸಾಹೇಬ ಈ ಸಲ ಮೋಟರ್‌ಸೈಕಲ್ ಮೇಲೆ, ಮಾಸಿದ ಅಂಗಿಯಲ್ಲಿ ಹೋದ. ಊರಿಗೆ ಅವನೀಗ ಮನೆಯ ಮನುಷ್ಯ. ಅವನ ಮುಂದೆ ಮುಚ್ಚುವುದೇನು? ಭೀಮಗೊಂಡ ಗುಳಿಗೆಯ ಕಿಸೆಯನ್ನೇ ಬೋರಲು ಹಾಕಿ ತೋರಿಸಿದ. ಯಾವ ಮೊಣಕಾಲು ಯಾವ ವರ್ಷ ಹೋಯಿತು ಎಂದು ಜನ ಮೈಚಾಚಿ ಹೇಳಿದರು. ರೋಗಿಗಳು ನೂರಾ ಎಂಬತ್ತೇಳು. ಕೆಲಸ ಚೊಕ್ಕಾಯಿತೆಂದು ಅವನು ಖುಷಿಯಲ್ಲಿ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದ.

ಹದಿನೈದು ದಿನಕ್ಕೆ ಪುಣೆಯಿಂದ ರೂಪೇಶ ಸಾಹೇಬರು ಚಿಕ್ಕೋಡಿಗೆ ಬಂದರು. ಪ್ರತಿಷ್ಠಾನದ ಒಳ್ಳೆಯ ಕೆಲಸಗಳನ್ನೆಲ್ಲ ಅಳೆಯುವ ಅಧಿಕಾರಿ ಅವರು. ನಿಪ್ಪಾಣಿಯಲ್ಲಿ ಹುಟ್ಟಿ ಪುಣೆಯಲ್ಲಿ ಕಲಿತವರು. ಗೋಡೆಯ ಮೇಲೆ ಗ್ರಾಫ್ ಬೆಳಗಿಸಿದರು. ಎಡಗಡೆ ಬರಿ ನೆಲ, ಬಲಗಡೆ ಒಂದು ಗುಡ್ಡ.

"ಬಘಾ, ನೋಡ್ರಿ ಕಾಕಾಸಾಹೇಬ. ವ್ಯಾನು ಬರೂಕಿಂತ ಮೊದಲ ರೋಗಿಗಳು ಎಷ್ಟ?"

"ಸೊನ್ನೆರಿ."

"ವ್ಯಾನು ಮೂರು ವರ್ಷ ಬಂದ ಮ್ಯಾಲೆ?"

"ನೂರಾ ಎಂಬತ್ತೇಳರಿ."

"ಹಂಗಂದ್ರ ನಮ್ಮ ವ್ಯಾನು ಏನ ಮಾಡ್ತು?"

ಕಾಕಾಸಾಹೇಬ ಸ್ವಲ್ಪ ವಿಚಾರ ಮಾಡಿ, "ಭಾಳ ದುಡೀತ್ರಿ," ಎಂದ.

ಶೈಲಾ ಮೇಡಮ್ ಎದ್ದು ನಿಂತು, ಆ ಊರಿನಲ್ಲಿ ಮೂವತ್ತು ವರ್ಷದ ಹಳೆಯ ಶುಗರಿನವರಿದ್ದಾರೆ, ಬೆರಳು ತೆಗೆಸಿಕೊಂಡವರಿದ್ದಾರೆ, ರೋಗ ಮೊದಲೇ ಇತ್ತು ಎಂದರು. ರೂಪೇಶ ಸಾಹೇಬರು ಕಾಗದ ತಿರುವಿದರು. "ದಾಖಲೆದಾಗ ಇಲ್ಲ ಮೇಡಮ್. ಪುಟಕ್ಕೊಂದು ಸಹಿ ಐತಿ ನೋಡ್ರಿ, ಚಲೋ ದುಂಡಗಿನ ಅಕ್ಷರ. ದಾನ ಕೊಡೋರು ನಾಳೆ ನನ್ನ ಕೇಳ್ತಾರ, ಗಟ್ಟಿಮುಟ್ಟು ಇದ್ದ ಊರು ಹೆಂಗ ಹಾಳ ಮಾಡಿದ್ರಿ ಅಂತ."

ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಮೂರು ವರ್ಷದ ಹಿಂದೆಯೂ ನನಗೆ ಈ ಕಾಯಿಲೆ ಇತ್ತು, ಆಗ ನಾನು ಸುಳ್ಳು ಹೇಳಿದೆ ಎಂದು ನೂರು ಜನ ಬರೆದು ಸಹಿ ಮಾಡಬೇಕು. ತಿಂಗಳ ಕೊನೆಯೊಳಗೆ ನೂರು ಸಹಿ ಬಂದರೆ ವ್ಯಾನು ಉಳಿಯುತ್ತದೆ. ಬಾರದಿದ್ದರೆ ಬೇರೆ ತಾಲ್ಲೂಕಿಗೆ ಹೋಗುತ್ತದೆ.

ಇಷ್ಟರಲ್ಲಿ ಆ ವರದಿಯ ಒಂದು ಪ್ರತಿ, ಸರ್ಕಾರಿ ಕಾಗದಗಳು ಹೋಗುವ ಹಾಗೆ, ಆರೋಗ್ಯ ಇಲಾಖೆಯ ಯಾವುದೋ ಮೇಜಿನ ಮೇಲೆ ಹೋಗಿ ಬಿತ್ತು. ಮೂರು ವರ್ಷದಲ್ಲಿ ಸೊನ್ನೆಯಿಂದ ನೂರಾ ಎಂಬತ್ತೇಳು ಎಂದರೆ ಇದು ಸಾಂಕ್ರಾಮಿಕವೇ ಸೈ ಎಂದು ಅಲ್ಲಿ ತೀರ್ಮಾನವಾಯಿತು. ಒಂದು ಮುಂಜಾನೆ ಇಬ್ಬರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಓಣಿ ಓಣಿಗೆ ಸೊಳ್ಳೆಯ ಹೊಗೆ ಹೊಡೆಯತೊಡಗಿದರು. ಪಂಚಾಯಿತಿ ಅಧ್ಯಕ್ಷ ಮುರಗೆಪ್ಪ ಮೀಸೆ ಒರೆಸಿಕೊಳ್ಳುತ್ತ ಹೊಗೆಯೊಳಗಿಂದ ಹೊರಗೆ ಬಂದ.

"ಏನಪಾ, ಶುಗರ್ ಸೊಳ್ಳಿಯಿಂದ ಬರ್ತೈತೇನು?"

"ನನಗ ಗೊತ್ತಿಲ್ರಿ. ನೂರರ ಮ್ಯಾಲ ಕೇಸ್ ಆದ್ರ ಹೊಗಿ ಹೊಡೀರಿ ಅಂದಾರ. ಇಲ್ಲೊಂದ ಸಹಿ ಮಾಡ್ರಿ."

ಹೊಗೆ ಮುಗಳಖೋಡದ ತನಕ ಕಾಣಿಸಿತು. ಸುದ್ದಿ ಅದಕ್ಕಿಂತ ಮುಂದೆ ಹೋಯಿತು. ಕರಿಮಡ್ಡಿಗೆ ಶುಗರಿನ ಸಾಥ ಬಂದೈತಿ, ಮೈಯಿಂದ ಮೈಗೆ ಹತ್ತೋ ಪಿಡುಗಂತ, ಆ ವ್ಯಾನಿನವರೇ ಚುಚ್ಚಿ ಹಚ್ಚಿದರಂತೆ ಎಂದು ಸಂತೆಯಲ್ಲಿ ಮಾತಾಯಿತು. ವ್ಯಾನಿನ ಡ್ರೈವರ್ ಮುಗಳಖೋಡದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಟೇಲಿನವನು ಅವನು ಕುಡಿದ ಕಪ್ಪನ್ನು ಎರಡು ಸಲ ತೊಳೆದು ಆಮೇಲೆ ಹೊರಗೆ ಎಸೆದೇಬಿಟ್ಟ.

ಕಾಕಾಸಾಹೇಬ ನೂರು ಕಾಗದ ಜೆರಾಕ್ಸ್ ಮಾಡಿಸಿಕೊಂಡು ಭೀಮಗೊಂಡನ ಮನೆಗೆ ಬಂದ. ಆಗ ಜಿನಮತಿ, ಮೂರು ವರ್ಷ ಊರು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಸಿಟ್ಟಾಗಬ್ಯಾಡ್ರಿ ಕಾಕಾಸಾಬ್ರ. ನೀವು ಕನ್ಯಾ ನೋಡಾಕ ಬಂದೀರಿ ಅಂತ ತಿಳಿದಿದ್ವಿ."

ಕಾಕಾಸಾಹೇಬನ ಕೈಯಲ್ಲಿದ್ದ ಚಹಾದ ಕಪ್ಪು ಕೈಯಲ್ಲೇ ಉಳಿಯಿತು. "ಯಾರಿಗೆ?"

"ಯಾರಿಗಂತ ನೀವು ಹೇಳಲಿಲ್ಲಲ್ರಿ. ಅದಕ್ಕ ಇನ್ನೂ ದೊಡ್ಡ ಮನೆತನ ಇರಬೇಕಂತ ತಿಳಿದ್ವಿ."

"ಆತು, ಆಗಿದ್ದ ಆಗಿ ಹೋತು. ಈಗ ಖರೆ ಬರದು ಒಂದ ಸಹಿ ಮಾಡ್ರಿ, ವ್ಯಾನು ಉಳೀತೈತಿ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ರಾಹ್ಮಿಯ ಮದುವೆ ಹೋದ ವರ್ಷ ಅಥಣಿಯ ಕಡೆ ಆಗಿತ್ತು. ಮನೆತನದಲ್ಲಿ ಶುಗರ್ ಇಲ್ಲ ಎಂದು ಬೀಗರಿಗೆ ಹೇಳಿಯೇ ಮಾಡಿದ ಮದುವೆ. ಮಾತು ಬಾಯಲ್ಲಿ ಇರುವ ತನಕ ಮಾತು. ಕಾಗದಕ್ಕೆ ಇಳಿದರೆ ಮಗಳು ತವರಿಗೆ ಬಂದು ಕೂತಾಳು. ಭೀಮಗೊಂಡ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಾಕಾಸಾಹೇಬನ ಕಿಸೆಯಲ್ಲಿ ತಾನೇ ಇಟ್ಟು, ಚಹಾ ಕುಡೀರಿ, ಆರತೈತಿ ಎಂದ.

ಮೂರು ವರ್ಷದಲ್ಲಿ ಊರಿನಿಂದ ಹದಿನಾಲ್ಕು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಒಂಬತ್ತು ಜನ ಕಾದಿದ್ದರು. ಉಳಿದವರು ಅವರ ಕಾಕಾ, ಮಾಮಾ, ಭಾವ, ಮೈದುನ. ಸಹಿ ಮಾಡುವ ಕೈ ಒಂದೂ ಸಿಗಲಿಲ್ಲ. ಮುರಗೆಪ್ಪ ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರ ಪರವಾಗಿ ಹೇಳಿದ: "ನಾವು ಸುಳ್ಳ ಹೇಳೀವಿ ಅಂತ ನಾವ ಬರದ ಕೊಡೂದು, ನಾಳೆ ಅದನ್ನ ತಗೊಂಡು ಬೀಗರು ಚಿಕ್ಕೋಡಿ ಕೋರ್ಟಿಗೆ ಹೋಗೂದು. ರೋಗ ತಡಕೋತೀವ್ರಿ ಕಾಕಾಸಾಬ್ರ, ಇದನ್ನ ತಡಕೊಳ್ಳೂದ ಆಗೂದಿಲ್ಲ."

ಕಾಕಾಸಾಹೇಬ ಕೊನೆಗೆ ಚನ್ನವ್ವನ ಹತ್ತಿರ ಹೋದ. ದೀಪಾಲಿಗೆ ಸತ್ತಿ ಎಂಬ ಊರಿನಿಂದ ಗಂಡು ಗೊತ್ತಾಗಿತ್ತು. ಹುಡುಗನ ಅಪ್ಪ ಮಲಕಾರಿ, ಹೊಳೆ ದಂಡೆಯ ಕಬ್ಬಿನ ಜಮೀನಿನವನು, ಎಲ್ಲವನ್ನೂ ಕೆದಕಿ ಕೇಳುವ ಸ್ವಭಾವದವನು. ಮುಂದಿನ ತಿಂಗಳು ನಿಶ್ಚಯ, ಅದರ ಮುಂದೆ ಲಗ್ನ.

"ಯವ್ವಾ, ನೀ ಮೊದಲ ಸಹಿ ಮಾಡಿದ್ರ ಉಳದವರಿಗೆ ಧೈರ್ಯ ಬರ್ತೈತಿ. ವ್ಯಾನು ಹೋದ್ರ ನಿನಗ ಭಾಳ ಕಷ್ಟ ಐತಿ."

"ದೀಪಾಲಿ ಕೊಳ್ಳಾಗ ತಾಳಿ ಬೀಳಲಿ ತಮ್ಮಾ. ಆಮ್ಯಾಲ ಹತ್ತ ಸಹಿ ಮಾಡ್ತೀನಿ."

"ಅಲ್ಲೀತನಕ ಕಾಲು?"

"ಇನ್ನೂ ಒಂಬತ್ತ ಬೆರಳ ಅದಾವಲ್ಲ," ಎಂದು ಚನ್ನವ್ವ ನಕ್ಕಳು. ಕಾಕಾಸಾಹೇಬನಿಗೆ ನಗು ಬರಲಿಲ್ಲ.

ತಿಂಗಳು ಮುಗಿಯಿತು. ಸಹಿ ಒಂದೂ ಇಲ್ಲದ ನೂರು ಕಾಗದಗಳನ್ನು ಅವನು ಆಫೀಸಿಗೆ ಒಪ್ಪಿಸಿದ. ಮರುದಿನ ವ್ಯಾನು ಹೋಯಿತು. ಮಂಗಳವಾರ ಅಭ್ಯಾಸಬಲದಿಂದ ಬೇವಿನ ಮರದ ಕೆಳಗೆ ಬಂದವರು ಸ್ವಲ್ಪ ಹೊತ್ತು ಕೂತು, ಕಬ್ಬಿನ ಮಾತಾಡಿ ಎದ್ದು ಹೋದರು.

ಕಾಕಾಸಾಹೇಬ ತಾನೇ ರಾಯಬಾಗದಿಂದ ಸೀಸೆ ಕೊಂಡು, ಫ್ಲಾಸ್ಕಿನಲ್ಲಿ ಬರ್ಫ ತುಂಬಿ ಅದರಲ್ಲಿಟ್ಟು ಚನ್ನವ್ವನಿಗೆ ತಂದುಕೊಡತೊಡಗಿದ. ಎರಡು ವಾರ ನಡೆಯಿತು. ಮೂರನೆಯ ವಾರ ಅವನು ಬಂದ ದಿನವೇ ಸತ್ತಿಯವರು ನಿಶ್ಚಯಕ್ಕೆ ಬಂದಿದ್ದರು. ಚನ್ನವ್ವ ಬಾಗಿಲಲ್ಲೇ ಕಣ್ಣಿನಿಂದ ಹೋಗು ಎಂದಳು. ಅವನು ಹೋಗುವುದರೊಳಗೆ ಮಲಕಾರಿಯ ಕಣ್ಣಿಗೆ ಬಿದ್ದ.

"ಇವರು ಯಾರ್ರಿ?"

"ನಮ್ಮ ಸಂಬಂಧಿಕರು," ಎಂದ ಭರತ. ಸಂಬಂಧಿಕನನ್ನು ಚಾಪೆಯ ಮೇಲೆ ಮಲಕಾರಿಯ ಪಕ್ಕದಲ್ಲೇ ಕೂರಿಸಿದರು.

"ಫ್ಲಾಸ್ಕಿನ್ಯಾಗ ಏನ ಐತ್ರಿ?"

"ಚಹಾರಿ."

"ಹಂಗಾದ್ರ ಒಂದೀಟ ಹಾಕ್ರಿ, ಬಿಸಿಲಾಗ ಬಂದೀವಿ."

"ಆರಿ ಹೋಗೈತ್ರಿ," ಎಂದು ಕಾಕಾಸಾಹೇಬ ಫ್ಲಾಸ್ಕನ್ನು ಎರಡೂ ತೊಡೆಯ ನಡುವೆ ಬಿಗಿಹಿಡಿದ. ಬರ್ಫಿನ ನೀರು ಮುಚ್ಚಳದಿಂದ ಒಸರಿ ಅವನ ಪ್ಯಾಂಟು ನೆನೆಸಿತು. ಮಲಕಾರಿ ಅದನ್ನು ನೋಡಿ, ಪಾಪ ಎನ್ನಿಸಿ, ಮುಖ ಆಚೆ ತಿರುಗಿಸಿದ.

ನಿಶ್ಚಯದ ದಿನ ಬೀಗಿತಿಯರು ಹೆಣ್ಣಿನ ಮನೆಯ ಹಿರಿಯಳ ಬಾಯಿ ಸಿಹಿ ಮಾಡಬೇಕು. ಇದು ಎಲ್ಲ ಕಡೆಯ ಪದ್ಧತಿ. ಒಲ್ಲೆ ಎಂದರೆ ಬೀಗತನ ಒಲ್ಲೆ ಎಂದ ಹಾಗೆ, ಇಲ್ಲವೆ ಶುಗರ್ ಇದೆ ಎಂದ ಹಾಗೆ. ಸತ್ತಿಯಿಂದ ಐದು ಜನ ಬೀಗಿತಿಯರು ಬಂದಿದ್ದರು. ಒಬ್ಬೊಬ್ಬಳೂ ಒಂದೊಂದು ಪೇಢೆಯನ್ನು ಚನ್ನವ್ವನ ಬಾಯಿಗಿಟ್ಟಳು. ಚನ್ನವ್ವ ಐದೂ ತಿಂದಳು, ನಗುನಗುತ್ತ ತಿಂದಳು. ಕೂತಲ್ಲೇ ಕಾಕಾಸಾಹೇಬ ಒಂದು, ಎರಡು ಎಂದು ಎಣಿಸುತ್ತಿದ್ದ. ಲೆಕ್ಕ ಮಾಡುವುದರ ಹೊರತು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಅಮಾವಾಸ್ಯೆ ಅಡ್ಡ ಬಂತೆಂದು ಬೀಗಿತಿಯರು ನಾಲ್ಕು ದಿನ ಅಲ್ಲೇ ಉಳಿದರು. ನಾಲ್ಕು ದಿನ ಸೂಜಿ ಹೊರಗೆ ಬರಲಿಲ್ಲ, ಕಾಲಿನ ಕಟ್ಟು ಬಿಚ್ಚಲಿಲ್ಲ.

ಬೀಗರು ಹೋದ ಮೇಲೆ ಬಿಚ್ಚಿ ನೋಡಿದರೆ ಪಾದ ಕಪ್ಪಾಗಿತ್ತು. ಭರತ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಗಾದಿ ಹಾಸಿ ಕರೆದುಕೊಂಡು ಹೋದ. ದೊಡ್ಡ ದವಾಖಾನೆಯಲ್ಲಿ ಮೂರನೆಯ ದಿನ ಚನ್ನವ್ವ ತೀರಿಕೊಂಡಳು. ಮಣ್ಣಿಗೆ ಇಡೀ ಊರು ಬಂತು. ಸಹಿ ಮಾಡದ ಕೈಗಳೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದವು.

ಪ್ರತಿಷ್ಠಾನ ಒಂದು ಊರನ್ನು ಬಿಡುವಾಗ ಪ್ರತಿ ರೋಗಿಯ ಹೆಸರಿಗೂ ಒಂದು ಮುಕ್ತಾಯದ ಫಾರ್ಮು ತುಂಬಬೇಕು. ಅದರಲ್ಲಿ ಎರಡೇ ಪ್ರಶ್ನೆ. ಈಗಿರುವ ಕಾಯಿಲೆ ಯಾವುದು? ಇನ್ನು ಚಿಕಿತ್ಸೆ ಬೇಕೇ? ಸತ್ತವರಿಗೆ ಕಾಲಂ ಇರಲಿಲ್ಲ. ಎರಡೂ ಉತ್ತರ ತುಂಬದಿದ್ದರೆ ಕಂಪ್ಯೂಟರು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಐದನೆಯ ದಿನ ಕಾಕಾಸಾಹೇಬ ಫಾರ್ಮು ಹಿಡಿದು ಚನ್ನವ್ವನ ಮನೆಗೆ ಹೋದಾಗ ಮಲಕಾರಿ ಸತ್ತ ಮನೆಯವರನ್ನು ಮಾತಾಡಿಸಲೆಂದು ಬಂದು ಕೂತಿದ್ದ. ಭರತ ನೆಲ ನೋಡುತ್ತಿದ್ದ. ಒಳಗೆ ದೀಪಾಲಿ ಅಳುವುದು ಕೇಳುತ್ತಿತ್ತು.

"ನೀವು ದವಾಖಾನಿ ಮಂದಿ ಅಂತ ಈಗ ಗೊತ್ತಾತ್ರಿ," ಎಂದ ಮಲಕಾರಿ. "ಈ ಊರಾಗ ಶುಗರಿನ ಸಾಥ ಬಂದಿತ್ತಂತ. ಮುದುಕಿಗೆ ಏನಾಗಿತ್ತು, ಖರೆ ಹೇಳ್ರಿ. ನಮ್ಮದು ಬೆಳ್ಯಾಕತ್ತಿದ ಮನಿ, ವಿಚಾರ ಮಾಡಬೇಕಾಗತೈತಿ."

ಹಾಗೆನ್ನುತ್ತ ಕಾಕಾಸಾಹೇಬನ ಭುಜದ ಮೇಲಿಂದ ಫಾರ್ಮಿನೊಳಗೆ ಇಣುಕಿದ. ಭರತ ತಲೆ ಎತ್ತಿ ಕಾಕಾಸಾಹೇಬನ ಮುಖ ನೋಡಿದ. ಒಳಗೆ ಅಳು ನಿಂತಿತು.

ಕಾಕಾಸಾಹೇಬ ಪೆನ್ನು ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದ. ಈಗಿರುವ ಕಾಯಿಲೆ: ಇಲ್ಲ. ಚಿಕಿತ್ಸೆ: ಬೇಡ. ಅವನು ಆ ಊರಿನ ಬಗ್ಗೆ ಬರೆದ ಉತ್ತರಗಳಲ್ಲಿ ಯಾರೂ ತಪ್ಪು ಹುಡುಕಲಾರದಂಥವು ಇವೆರಡೇ.

"ಹಂಗಾದ್ರ ಎದರಿಂದ ಹೋದಳ್ರಿ?"

"ವಯಸ್ಸ್ರಿ."

ಮಲಕಾರಿ ಕಾಗದವನ್ನು ಮತ್ತೊಮ್ಮೆ ಓದಿ, ಅದರ ಮೇಲೆ ಒತ್ತಿದ್ದ ಪುಣೆಯ ಶಿಕ್ಕಾ ಮುಟ್ಟಿ ನೋಡಿ, ಸಮಾಧಾನಪಟ್ಟ. ತಿಂಗಳೊಳಗೆ ಲಗ್ನ ಮುಗಿಸಿಬಿಡೂಣು, ಹಿರ್ಯಾಳ ಆತ್ಮಕ್ಕ ಶಾಂತಿ ಸಿಗತೈತಿ ಎಂದ. ಹಾಗೆಯೇ ಲಗ್ನವಾಯಿತು.

ಲಗ್ನವಾದ ವಾರಕ್ಕೆ ರೂಪೇಶ ಸಾಹೇಬರ ಫೋನು ಬಂತು. ದನಿಯಲ್ಲಿ ಹಿಗ್ಗಿತ್ತು.

"ಕಾಕಾಸಾಹೇಬ, ಕಮಾಲ್ ಮಾಡೀರಿ. ವ್ಯಾನಿನ ರಿಜಿಸ್ಟರ್‌ದಾಗ ಚನ್ನವ್ವ, ಇನ್ಸುಲಿನ್. ಕೊನೀಕ ಚನ್ನವ್ವ, ಕಾಯಿಲೆ ಇಲ್ಲ, ಚಿಕಿತ್ಸೆ ಬೇಡ. ಪೂರ್ತಿ ಗುಣ. ಇಂಥಾ ಕೇಸು ನಮ್ಮ ಇಡೀ ಸಂಸ್ಥಾದಾಗ ಇಲ್ಲ. ದಾನ ಕೊಡೋರಿಗೆ ತೋರಿಸಿದೆ, ವ್ಯಾನು ತಿರುಗಿ ಮಂಜೂರ ಮಾಡ್ಯಾರ. ಆಕೀದೊಂದು ಫೋಟೋ ಕಳಿಸ್ರಿ, ನಗೂವಂಥಾದ್ದು."

"ಆಕಿ ತೀರಿಕೊಂಡಾಳ್ರಿ ಸರ."

ಆ ಕಡೆ ಕಾಗದ ತಿರುವುವ ಸಪ್ಪಳ ಕೇಳಿತು. ಆಮೇಲೆ ಸಾಹೇಬರು ಮೆಲ್ಲಗೆ ಹೇಳಿದರು: "ಫಾರ್ಮಿನ್ಯಾಗ ಹಂಗ ಇಲ್ಲ. ತಿದ್ದಂದ್ರ ತಿದ್ದತೀನಿ, ವ್ಯಾನು ಬರೂದಿಲ್ಲ. ಇನ್ನೂ ನೂರಾ ಎಂಬತ್ತಾರು ಮಂದಿ ಅದಾರ. ನೀವ ಹೇಳ್ರಿ."

ಕಾಕಾಸಾಹೇಬ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು, ಜನ ನೋಡುವುದನ್ನೂ ಲೆಕ್ಕಿಸದೆ ಗಳಗಳ ಅತ್ತ. ಅತ್ತು ಮುಗಿದ ಮೇಲೆ ಕರಿಮಡ್ಡಿಗೆ ಹೋದ. ದೀಪಾಲಿ ಹೊಸ ಬಳೆ ಹಾಕಿಕೊಂಡು ತವರಿಗೆ ಬಂದಿದ್ದಳು. ಅಜ್ಜಿಯ ಫೋಟೋ ಗೋಡೆಯ ಮೇಲಿತ್ತು.

"ಯಾತಕ್ಕ ಬೇಕರಿ ಕಾಕಾ?"

"ವ್ಯಾನು ಬರಬೇಕಂದ್ರ ಬೇಕಾಗೈತೆವಾ."

ದೀಪಾಲಿ ಫೋಟೋ ಚೊಕ್ಕ ಬರಲೆಂದು ಸ್ಟೂಲ್ ಹತ್ತಿ ಹಾರವನ್ನು ತಾನೇ ತೆಗೆದು, ಗಾಜನ್ನು ಸೆರಗಿನಿಂದ ಒರೆಸಿಕೊಟ್ಟಳು.

ಮುಂದಿನ ತಿಂಗಳ ಮೊದಲ ಮಂಗಳವಾರ ವ್ಯಾನು ಬಂತು. ಹೊಸ ಬಣ್ಣ ಹೊಡೆಸಿದ್ದರು. ಬೇವಿನ ನೆರಳು ಬೀಳುವ ಬದಿಗೆ, ಆಳೆತ್ತರಕ್ಕೆ, ಚನ್ನವ್ವನ ಮುಖ. ಕೆಳಗೆ ದೊಡ್ಡ ಅಕ್ಷರದಲ್ಲಿ 'ನನಗೀಗ ಯಾವ ಕಾಯಿಲೆಯೂ ಇಲ್ಲ' ಎಂದು ಬರೆದಿತ್ತು. ಮುರಗೆಪ್ಪ ಮುಂದೆ ಬಂದು ನೋಡಿದ, ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಜಿನಮತಿ ಬಾಯಿಗೆ ಸೆರಗು ಒತ್ತಿಕೊಂಡಳು. ಯಾರೂ ಸಾಲು ಬಿಟ್ಟು ಹೋಗಲಿಲ್ಲ. ಎಲ್ಲರಿಗೂ ಗುಳಿಗೆ ಬೇಕಿತ್ತು.

ಕಾಕಾಸಾಹೇಬ ಟೇಬಲ್ ಎತ್ತಿಕೊಂಡು ವ್ಯಾನಿನ ಆಚೆ ಬದಿಗೆ ಹೋಗಿ ಹಾಕಿದ. ಆ ಬದಿಗೆ ಸುಡುಸುಡು ಬಿಸಿಲಿತ್ತು. ನೂರಾ ಎಂಬತ್ತಾರು ಜನರೂ ಅವನ ಹಿಂದೆ ಹೋಗಿ ಬಿಸಿಲಿನಲ್ಲಿ ಸಾಲು ಹಚ್ಚಿದರು. ನೆರಳಿಗೆ ಹೋಗೋಣ ಎಂದು ಯಾರೂ ಅನ್ನಲಿಲ್ಲ.